15 ಸೆಕೆಂಡಿನ ಗುಂಗು

1951ರ ಸೆಪ್ಟೆಂಬರ್‌ನಲ್ಲಿ ಜಪಾನಿನಲ್ಲಿ ಖಾಸಗಿ ರೇಡಿಯೊ ಶುರುವಾಯಿತು. ಆ ದೇಶದ ಮೊದಲ ಜಾಹೀರಾತು ಹಾಡು ಬಂದದ್ದೂ ಅದೇ ತಿಂಗಳು. ದುಡ್ಡು ಹಾಕಿದ್ದು ಫೋಟೊ ಫಿಲ್ಮ್ ತಯಾರಿಸುತ್ತಿದ್ದ ಕೊನಿಶಿರೊಕು ಕಂಪನಿ, ಹಾಡು ಕಟ್ಟಿದ್ದು ಮಿಕಿ ತೊರಿರೊ. ಕಥಾನಾಯಕ ಒಬ್ಬ ಹವ್ಯಾಸಿ ಛಾಯಾಗ್ರಾಹಕ. ಒಳ್ಳೆ ಕ್ಯಾಮೆರಾ ಇದೆ, ಹುಮ್ಮಸ್ಸು ಅದಕ್ಕಿಂತ ಹೆಚ್ಚಾಗಿದೆ. ಆದರೆ ಫಿಲ್ಮ್ ತೊಳೆಸಿ ನೋಡಿದರೆ ಇದೂ ಮಸುಕು, ಅದೂ ಮಸುಕು, ಎಲ್ಲವೂ ಮಸುಕು! ಫಿಲ್ಮ್ ಮಾರಲು ಹೊರಟ ಹಾಡಿನಲ್ಲಿ ಫೋಟೊಗಳೆಲ್ಲ ಕೆಟ್ಟುಹೋಗುತ್ತವೆ. ಕಂಪನಿಯ ಹೆಸರಂತೂ ಎಲ್ಲೂ ಇಲ್ಲ. ಇವತ್ತಿನ ಯಾವ ಮಾರ್ಕೆಟಿಂಗ್ ಮ್ಯಾನೇಜರೂ ಇದಕ್ಕೆ ಒಪ್ಪಿಗೆ ಕೊಡಲಾರ. ಕೇಳುಗರಿಗೆ ಮಾತ್ರ ಹಾಡು ಬಲು ಹಿಡಿಸಿತು.

ಟಿವಿ ಬಂದದ್ದು 1953ರಲ್ಲಿ. ಅದರ ಜೊತೆ ಬಿಡುವಿಲ್ಲದ ಗಡಿಯಾರವೂ ಬಂತು. ಜಪಾನಿನ ಟಿವಿಯಲ್ಲಿ ಬಹುಪಾಲು ಜಾಹೀರಾತುಗಳ ಆಯಸ್ಸು 15 ಸೆಕೆಂಡು. ವಸ್ತುವಿನ ಗುಣಗಾನ ಮಾಡಿ ಗಿರಾಕಿಯ ಮನವೊಲಿಸಲು ಅಷ್ಟು ಹೊತ್ತು ಎಲ್ಲಿ ಸಾಕು? ಹೆಸರೊಂದನ್ನು ತಲೆಯೊಳಗೆ ತೂರಿಸಿ ಹೊರಡಬೇಕು, ಅಷ್ಟೆ.

ತೂರಿಸುವ ಬಗೆ ಹೇಗೆಂದು ನೋಡಲು ಮೇಜಿ ಚಾಕೊಲೇಟಿನ ಹಾಡು ಸಾಕು. 1960ರ ದಶಕದ್ದು, ಸಂಗೀತ ಇಜುಮಿ ತಾಕು ಅವರದು. ಮುಖ್ಯ ಸಾಲು ಇಷ್ಟೇ: 'ಚೊಕೊರೇತೊ, ಚೊಕೊರೇತೊ, ಚೊಕೊರೇತೊ ವಾ ಮೇಜಿ'. ಚಾಕೊಲೇಟು ಅಂದರೆ ಮೇಜಿ ಎಂದಷ್ಟೇ ಅರ್ಥ. ಜಪಾನಿ ಭಾಷೆಯ ಲಯ ಮಾತ್ರೆಗಳ ಮೇಲೆ ನಿಂತಿದೆ. ಚೊ-ಕೊ-ರೇ-ತೊ ಎಂದರೆ ಐದು ಮಾತ್ರೆ. 'ರೇ' ಎಂಬ ದೀರ್ಘಕ್ಕೆ ಎರಡು. ಐದೈದು ಮಾತ್ರೆಯ ಒಂದೇ ಪದ ಎರಡು ಸಲ ಬಂದಾಗ ಮೂರನೆಯ ಸಲವೂ ಹಾಗೇ ಮುಗಿಯುತ್ತದೆಂದು ಕಿವಿ ಕಾಯುತ್ತದೆ. ಅಲ್ಲಿ ಬಾಲದ ಹಾಗೆ ಕಂಪನಿಯ ಹೆಸರು ಅಂಟಿಕೊಂಡಿದೆ. ಎರಡು ಸಲ ಒಂದೇ ರೀತಿ, ಮೂರನೆಯ ಸಲ ಬೇರೆ ರೀತಿ: ಅಜ್ಜಿಕಥೆಗಳಲ್ಲೂ ನಗೆಹನಿಗಳಲ್ಲೂ ಇರುವುದು ಇದೇ ಕಟ್ಟು. ಟಿವಿ ಜಾಹೀರಾತುಗಳಲ್ಲಿ ಈ ಕಟ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು 2011ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಹೆಸರು ಕೊನೆಯಲ್ಲಿ ಬರುವುದರಲ್ಲಿ ಇನ್ನೊಂದು ಲಾಭವಿದೆ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಡೇವಿಡ್ ಕ್ರೇಮರ್ ಮತ್ತು ಸಂಗಡಿಗರು ಕೆಲವರನ್ನು ಮಿದುಳಿನ ಚಟುವಟಿಕೆ ತೋರಿಸುವ ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹಾಡು ಕೇಳಿಸಿದರು. ನಡುನಡುವೆ ಕೆಲವು ಸೆಕೆಂಡು ಸದ್ದನ್ನು ಕತ್ತರಿಸಿಹಾಕಿದ್ದರು. ಗೊತ್ತಿಲ್ಲದ ಹಾಡಾದರೆ ಆ ಖಾಲಿ ಜಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಗೊತ್ತಿದ್ದ ಹಾಡಾದರೆ ಮಿದುಳಿನ ಶ್ರವಣ ಭಾಗ ಸದ್ದಿಲ್ಲದಿದ್ದರೂ ಚುರುಕಾಗಿಯೇ ಇತ್ತು. ಮುಂದಿನ ಸಾಲು ಊಹಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂದರೆ ಜಾಹೀರಾತಿನ ಹೊತ್ತಿಗೆ ಎದ್ದು ಬಚ್ಚಲಿಗೆ ಹೋಗುವವನ ಕಿವಿಗೆ ಬರೀ 'ಚೊಕೊರೇತೊ, ಚೊಕೊರೇತೊ' ಬಿದ್ದರೂ ಸಾಕು, ಬಾಕಿ ಕೆಲಸವನ್ನು ಅವನ ತಲೆಯೇ ಬಿಟ್ಟಿಯಾಗಿ ಮಾಡಿಕೊಡುತ್ತದೆ.

ಎಲ್ಲ ಹಾಡೂ ಹೀಗೆ ಗುಂಗು ಹಿಡಿಸುವುದಿಲ್ಲ. ಕೆಲ್ಲಿ ಜಾಕುಬೋವ್‌ಸ್ಕಿ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಸುಮಾರು 3000 ಜನರನ್ನು ಕೇಳಿ, ತಲೆ ಬಿಟ್ಟು ಹೋಗದ ಹಾಡುಗಳ ಲಕ್ಷಣ ಹುಡುಕಿದರು. ನಡೆ ತುಸು ಚುರುಕಾಗಿರಬೇಕು. ಸ್ವರಗಳ ಏರಿಳಿತ ಕೇಳಿ ಪಳಗಿದಂತಿರಬೇಕು. ಆದರೆ ಎಲ್ಲೋ ಒಂದು ಕಡೆ ನಿರೀಕ್ಷಿಸದ ಜಿಗಿತ ಇಲ್ಲವೇ ಅತಿಯೆನಿಸುವ ಪುನರಾವರ್ತನೆ ಇರಬೇಕು. ಪುನರಾವರ್ತನೆ ಬೇಕೆಂದರೆ 1991ರ ಮೀನಿನ ಹಾಡು ಕೇಳಿ. ಜಪಾನಿನ ಮೀನುಗಾರರ ಸಹಕಾರ ಸಂಘಗಳ ಒಕ್ಕೂಟ ಅಂಗಡಿಗಳಲ್ಲಿ ಹಾಕಲೆಂದು ಮಾಡಿಸಿದ್ದು. ಮೀನು, ಮೀನು, ಮೀನು, ತಿಂದರೆ ಬುದ್ಧಿ ಬರುತ್ತೆ ಎಂದು ಸುತ್ತಿ ಸುತ್ತಿ ಅದನ್ನೇ ಹಾಡುತ್ತದೆ. ಮೀನಿನ ಎಣ್ಣೆಯಲ್ಲಿರುವ ಡಿಎಚ್‌ಎ ಮಿದುಳಿಗೆ ಬೇಕಾದ ಕೊಬ್ಬು ಎಂಬುದು ನಿಜ, ತಿಂದವರೆಲ್ಲ ಜಾಣರಾಗುತ್ತಾರೆ ಎಂಬುದು ಅಂಗಡಿಯ ಉತ್ಸಾಹ. 2002ರಲ್ಲಿ ಹಾಡಿನ ಸಿಡಿಯೇ ಬಂದು ಬಿಸಿಬಿಸಿಯಾಗಿ ಮಾರಾಟವಾಯಿತು.

ಹೊಸ ರಾಗ ಕಟ್ಟುವ ಖರ್ಚೇ ಬೇಡ ಎಂದವರೂ ಇದ್ದಾರೆ. ಟೋಕಿಯೊದ ಯೊದೊಬಾಶಿ ಕ್ಯಾಮೆರಾ ಅಂಗಡಿಯವರು ಅಮೆರಿಕದ ಅಂತರ್ಯುದ್ಧ ಕಾಲದ ರಣಗೀತೆಯೊಂದರ ರಾಗಕ್ಕೆ ತಮ್ಮ ವಿಳಾಸವನ್ನು ಕೂರಿಸಿದರು: ದುಂಡಗಿನ ಹಸಿರು ಯಾಮನೊತೆ ರೈಲು, ನಟ್ಟನಡುವೆ ಹಾಯುವ ಚೂಒ ರೈಲು, ಶಿಂಜುಕು ನಿಲ್ದಾಣದ ಪಶ್ಚಿಮ ದ್ವಾರದೆದುರು ನಮ್ಮ ಅಂಗಡಿ. ನಗರದ ರೈಲು ನಕ್ಷೆಯೇ ಹಾಡಾಗಿದೆ. ಇದರ ಹಿಂದಿರುವ ಜಾಣತನ 1994ರ ವಾಂಡಾ ವಾಲೆಸ್ ಅವರ ಪ್ರಯೋಗ ನೋಡಿದರೆ ತಿಳಿಯುತ್ತದೆ. ರಾಗ ಪದೇ ಪದೇ ಬಂದು ಕಿವಿಗೆ ಕೂತಾಗ ಮಾತ್ರ ಅದು ಸಾಹಿತ್ಯವನ್ನು ನೆನಪಿನಲ್ಲಿ ಹಿಡಿದಿಡುತ್ತದೆ. ಒಂದೇ ಸಲ ಕೇಳಿದ ರಾಗದಿಂದ ಆ ಉಪಕಾರವಿಲ್ಲ. ಹಳೆಯ ರಾಗ ಮೊದಲೇ ಕೂತಿರುತ್ತದೆ, ಹಾಗಾಗಿ ಕಲಿಯಬೇಕಾದ್ದು ಮಾತು ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇತೊ ಪಟ್ಟಣದ ಹಾತೊಯಾ ಹೋಟೆಲಿನ ಹಾಡು. ಅದರ ಸಂಗೀತವೂ ಇಜುಮಿ ತಾಕು ಅವರದೇ. ಸಾಹಿತ್ಯ ಬರೆದ ನೊಸಾಕಾ ಅಕಿಯುಕಿ ಮುಂದೆ ನಾಒಕಿ ಸಾಹಿತ್ಯ ಪ್ರಶಸ್ತಿ ಪಡೆದ ದೊಡ್ಡ ಕಾದಂಬರಿಕಾರ. ಇತೊಗೆ ಹೋದರೆ ಹಾತೊಯಾ, ಫೋನ್ ನಂಬರ್ 4126 ಎಂದಷ್ಟೇ ಹಾಡು ಹೇಳುವುದು. ಆ ಅಂಕಿಗಳನ್ನು ಯೊ-ಇ-ಫು-ರೊ ಎಂದೂ ಓದಬಹುದು, ಅಂದರೆ ಒಳ್ಳೆಯ ಸ್ನಾನ. ಇತೊ ಬಿಸಿನೀರಿನ ಬುಗ್ಗೆಗಳ ಊರು! ಕರ್ನಾಟಕ ಸಂಗೀತದ 65ನೇ ಮೇಳವನ್ನು ಮೇಚಕಲ್ಯಾಣಿ ಎಂದು ಕರೆದು ಹೆಸರಿನ ಅಕ್ಷರಗಳೊಳಗೇ ಸಂಖ್ಯೆ ಅಡಗಿಸಿಟ್ಟ ಕಟಪಯಾದಿ ಸೂತ್ರ ಬಲ್ಲವರಿಗೆ ಈ ಆಟ ಹೊಸದೇನಲ್ಲ. ಅರ್ಥವಿಲ್ಲದ ನಾಲ್ಕು ಅಂಕಿಗಿಂತ ಅರ್ಥವಿರುವ ಒಂದು ಮಾತು ನೆನಪಿಗೆ ಹಗುರ.

ಹಿಟಾಚಿಯದು ಬೇರೆಯೇ ದಾರಿ. ಕೊಬಯಾಶಿ ಅಸೇ ಸಂಗೀತ ಕೊಟ್ಟ ಆ ಹಾಡು 1973ರಿಂದ ಕೇಳುತ್ತಲೇ ಬಂದಿರುವುದು ಒಂದೇ: ಈ ಮರ, ಯಾವ ಮರ? ಉತ್ತರ ಕೊಡುವುದಿಲ್ಲ, ಹೆಸರೇ ಗೊತ್ತಿಲ್ಲದ ಮರ ಎಂದು ಹಾಡಿ ಸುಮ್ಮನಾಗುತ್ತದೆ. ಪರದೆಯ ಮೇಲೆ ಕಾಣುವುದು ಹವಾಯಿಯ ಒವಾಹು ದ್ವೀಪದ ಮರ. ಬೆಂಗಳೂರಿನವರಾದರೆ ನೋಡಿದ ಕೂಡಲೇ ಹೇಳಿಬಿಡುತ್ತಾರೆ, ಅದು ನಮ್ಮ ಹಳೇ ರಸ್ತೆಗಳಲ್ಲಿ ಕೊಡೆ ಹಿಡಿದು ನಿಂತಿರುವ ಮಳೆಮರ. ಅರ್ಧಕ್ಕೆ ನಿಂತದ್ದು ಮನಸ್ಸನ್ನು ಬಿಡದೆ ಕಾಡುತ್ತದೆ ಎಂದು 1927ರಲ್ಲಿ ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ ಬರೆದದ್ದನ್ನು ಇಂಥ ಹಾಡುಗಳಿಗೆ ಅನ್ವಯಿಸುವುದುಂಟು. ಮುಂದಿನ ಪ್ರಯೋಗಗಳಲ್ಲಿ ಆ ಫಲಿತಾಂಶ ಪ್ರತಿ ಸಲವೂ ಸಿಕ್ಕಿಲ್ಲ, ಆದ್ದರಿಂದ ನಾನು ಅದನ್ನು ಪೂರ್ತಿ ನಂಬುವುದಿಲ್ಲ. ದಶಕಗಟ್ಟಲೆ ಅದೇ ರಾಗ, ಅದೇ ಮರವನ್ನು ತೋರಿಸುತ್ತಾ ಬಂದ ಹಟವೇ ದೊಡ್ಡ ಕಾರಣವಿರಬೇಕು.

ಗುಂಗು ಬಿಡಿಸಲು ಮದ್ದೂ ಇದೆ. ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ ಕಂಡುಕೊಂಡಂತೆ, ಹಾಡು ಕೇಳಿದ ಮೇಲೆ ಚೂಯಿಂಗ್ ಗಮ್ ಜಗಿಯುತ್ತಿದ್ದವರಿಗೆ ಅದು ಕಡಿಮೆ ಸಲ ನೆನಪಾಯಿತು. ಮನಸ್ಸಿನಲ್ಲೇ ಗುನುಗುವಾಗಲೂ ಬಾಯಿ, ನಾಲಿಗೆಯನ್ನು ಆಡಿಸುವ ಮಿದುಳಿನ ವ್ಯವಸ್ಥೆಗೆ ಕೆಲಸ ಬೀಳುತ್ತದೆ. ಜಗಿತ ಅದನ್ನೇ ಬೇರೆ ಕಡೆಗೆ ಎಳೆದುಕೊಳ್ಳುತ್ತದೆ. ತೊಡಕು ಒಂದೇ: ಜಪಾನಿನಲ್ಲಿ ಚೂಯಿಂಗ್ ಗಮ್ ಮಾರುವವರೂ ಹಾಡು ಹೇಳಿಯೇ ಮಾರುತ್ತಾರೆ.