ಪ್ಯಾಮ್: ಡಿಫಾಲ್ಟ್ ದೃಢೀಕರಣ ಅಡಗಿರುವುದು ಸಾಲುಗಳ ಕ್ರಮದಲ್ಲಿ

ಲಿನಕ್ಸ್‌ನಲ್ಲಿ ಲಾಗಿನ್, ಸುಡೋ (ಆಡಳಿತಗಾರನ ಅಧಿಕಾರದಲ್ಲಿ ಆದೇಶ ಓಡಿಸುವ ಸಾಧನ), ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಧನ) ಸಾಮಾನ್ಯವಾಗಿ ಪಾಸ್‌ವರ್ಡ್ ಸರಿಯೋ ತಪ್ಪೋ ಎಂದು ತಾವೇ ನೋಡುವುದಿಲ್ಲ. ಆ ಕೆಲಸ ಪ್ಯಾಮ್‌ನದು (ಪ್ಲಗಬಲ್ ಅಥೆಂಟಿಕೇಷನ್ ಮಾಡ್ಯೂಲ್ಸ್). 1995ರಲ್ಲಿ ಸನ್ ಕಂಪನಿ ಮುಂದಿಟ್ಟ ಏರ್ಪಾಡು ಇದು.

ಇಟಿಸಿ ಒಳಗಿನ ಪ್ಯಾಮ್.ಡಿ ಡೈರೆಕ್ಟರಿಯಲ್ಲಿ ಒಂದೊಂದು ಸೇವೆಗೆ ಒಂದೊಂದು ಫೈಲ್ ಇರುತ್ತದೆ. ಸ್ವಂತ ಫೈಲ್ ಇಲ್ಲದ ಸೇವೆಗೆ ‘ಅದರ್’ ಫೈಲೇ ಗತಿ. ಡೆಬಿಯನ್, ಉಬುಂಟುವಿನಲ್ಲಿ ಹೆಚ್ಚಿನ ಸೇವೆಗಳು ‘ಕಾಮನ್-ಆಥ್’ ಫೈಲನ್ನು ಒಳಗೆ ಸೇರಿಸಿಕೊಳ್ಳುತ್ತವೆ. ಡಿಫಾಲ್ಟ್ ಬದಲಿಸಬೇಕಾದರೆ ಕೈಹಾಕಬೇಕಾದ್ದು ಇಲ್ಲಿಗೇ.

ಈ ಫೈಲ್‌ಗಳ ಪ್ರತಿ ಸಾಲೂ ಒಂದು ಮಾಡ್ಯೂಲನ್ನು, ಅಂದರೆ ಒಂದು ಪರೀಕ್ಷೆಯನ್ನು ಕರೆಯುತ್ತದೆ. ಅದು ಗೆದ್ದರೆ ಅಥವಾ ಸೋತರೆ ಏನಾಗಬೇಕು ಎಂದು ಹೇಳುವ ಒಂದು ನಿಯಂತ್ರಣ ಪದ ಸಾಲಿನಲ್ಲಿ ಇರುತ್ತದೆ. ‘ರಿಕ್ವಿಸಿಟ್’ ಸೋತರೆ ಅಲ್ಲಿಗೇ ಮುಗಿಯಿತು. ‘ರಿಕ್ವೈರ್ಡ್’ ಸೋತರೂ ಉಳಿದ ಸಾಲುಗಳು ಓಡುತ್ತವೆ, ಉತ್ತರ ಮಾತ್ರ ಕೊನೆಗೆ ‘ಇಲ್ಲ’ ಎಂದೇ. ಸುಮ್ನೆ ಸುತ್ತು ಅನ್ನಿಸುತ್ತೆ, ಅಲ್ವಾ? ಯಾವ ಹಂತದಲ್ಲಿ ಸೋತೆ ಎಂಬುದು ದಾಳಿಕೋರನಿಗೆ ತಿಳಿಯಬಾರದು ಎಂದೇ ಹೀಗೆ ಮಾಡಿದ್ದಾರೆ. ‘ಸಫಿಷಿಯೆಂಟ್’ ಗೆದ್ದರೆ, ಅದಕ್ಕೂ ಮೊದಲು ಯಾವ ‘ರಿಕ್ವೈರ್ಡ್’ ಸಾಲೂ ಸೋತಿಲ್ಲದಿದ್ದರೆ, ಮುಂದಿನ ಸಾಲುಗಳನ್ನು ನೋಡುವುದೇ ಇಲ್ಲ.

ಜಾಸ್ತಿ ಗಮನ ಬೇಕಾದದ್ದು ಡೆಬಿಯನ್‌ನ ಮೂರು ಸಾಲುಗಳಿಗೆ. ಮೊದಲು ಪಾಸ್‌ವರ್ಡ್ ನೋಡುವ ಪ್ಯಾಮ್_ಯುನಿಕ್ಸ್; ಅದರಲ್ಲಿ ನಿಯಂತ್ರಣ ಪದದ ಜಾಗದಲ್ಲಿ ‘ಸಕ್ಸೆಸ್=1’, ಅಂದರೆ ಗೆದ್ದರೆ ಒಂದು ಸಾಲು ಹಾರು ಎಂದಿದೆ. ಆಮೇಲೆ ಯಾವಾಗಲೂ ‘ಇಲ್ಲ’ ಎನ್ನುವ ಪ್ಯಾಮ್_ಡಿನೈ, ಅದರ ಕೆಳಗೆ ಯಾವಾಗಲೂ ‘ಸರಿ’ ಎನ್ನುವ ಪ್ಯಾಮ್_ಪರ್ಮಿಟ್. ಪಾಸ್‌ವರ್ಡ್ ಸರಿಯಿದ್ದರೆ ಒಂದು ಸಾಲು ಹಾರಿ ಪರ್ಮಿಟ್‌ಗೆ ಹೋಗುತ್ತದೆ, ತಪ್ಪಿದ್ದರೆ ನೇರ ಡಿನೈಗೆ. ಈಗ ಯುನಿಕ್ಸ್ ಸಾಲಿನ ಕೆಳಗೆ ಎಲ್‌ಡ್ಯಾಪ್ (ಸಂಸ್ಥೆಯ ಬಳಕೆದಾರರ ಕೇಂದ್ರ ಪಟ್ಟಿ) ಸಾಲು ಸೇರಿಸಿ, ಮೇಲಿನ 1 ಅನ್ನು ಹಾಗೇ ಬಿಟ್ಟಿರಿ ಎನ್ನೋಣ. ಸರಿಯಾದ ಪಾಸ್‌ವರ್ಡ್ ಕೊಟ್ಟವರು ಎಲ್‌ಡ್ಯಾಪ್ ಸಾಲನ್ನು ಹಾರಿ ಡಿನೈ ಮೇಲೇ ಬೀಳುತ್ತಾರೆ. ಎಲ್ಲ ಅಧಿಕಾರ ಇರುವ ರೂಟ್‌ಗೂ ಬಾಗಿಲು ಬಂದ್! ಯುನಿಕ್ಸ್ ಸಾಲಿನಲ್ಲಿ 2 ಇರಬೇಕು, ಎಲ್‌ಡ್ಯಾಪ್ ಸಾಲಿನಲ್ಲಿ 1.

ಈ ಲೆಕ್ಕವನ್ನು ಡೆಬಿಯನ್, ಉಬುಂಟುವಿನ ‘ಪ್ಯಾಮ್-ಆಥ್-ಅಪ್‌ಡೇಟ್’ ಎಂಬ ಸಾಧನ ತಾನೇ ಮಾಡುತ್ತದೆ. ಅದಿರುವಾಗ ಕೈಯಲ್ಲಿ ತಿದ್ದಲು ಹೋಗಬೇಡಿ. ಫೆಡೋರಾ, ರೆಡ್ ಹ್ಯಾಟ್ ಕಡೆ ಇದೇ ಕೆಲಸಕ್ಕೆ ‘ಆಥ್‌ಸೆಲೆಕ್ಟ್’ ಇದೆ.

ಫೈಲ್ ಉಳಿಸಿದ ಕೂಡಲೇ ಮುಂದಿನ ಲಾಗಿನ್‌ಗೆ ಬದಲಾವಣೆ ಅನ್ವಯಿಸುತ್ತದೆ, ರೀಸ್ಟಾರ್ಟ್ ಬೇಕಿಲ್ಲ. ಹಾಗಾಗಿ ಒಂದು ರೂಟ್ ಶೆಲ್ ತೆರೆದೇ ಇಟ್ಟು, ಇನ್ನೊಂದು ಟರ್ಮಿನಲ್‌ನಿಂದ ಪರೀಕ್ಷಿಸಿ. ಆ ಪರೀಕ್ಷೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಕೀ ಫೈಲ್) ಬಳಸಿ ಮಾಡಿದರೆ ಏನೂ ಗೊತ್ತಾಗುವುದಿಲ್ಲ. ಕೀ ಲಾಗಿನ್‌ನಲ್ಲಿ ಪಾಸ್‌ವರ್ಡ್ ನೋಡುವ ಪ್ಯಾಮ್‌ನ ‘ಆಥ್’ ಸಾಲುಗಳು ಓಡುವುದೇ ಇಲ್ಲ, ಖಾತೆಗೆ ಅನುಮತಿ ಇದೆಯೇ ಎಂದು ನೋಡುವ ‘ಅಕೌಂಟ್’ ಮತ್ತು ಲಾಗಿನ್ ಅವಧಿಯನ್ನು ಸಿದ್ಧಪಡಿಸುವ ‘ಸೆಷನ್’ ಸಾಲುಗಳು ಮಾತ್ರ ಓಡುತ್ತವೆ. ಪಾಸ್‌ವರ್ಡ್ ಟೈಪ್ ಮಾಡಿಯೇ ನೋಡಬೇಕು.