‘ಲಾಸ್ಟ್ ರಿವ್ಯೂಡ್’ ಅಂದರೆ ಕೊನೆಯ ಕಮಿಟ್ ತಾರೀಕಲ್ಲ

ಟೀಮಿನ ಡಾಕ್ಯುಮೆಂಟೇಶನ್ ಪುಟದ ಮೇಲೆ ‘ಲಾಸ್ಟ್ ರಿವ್ಯೂಡ್’ ಅಂತ ಒಂದು ತಾರೀಕು ಇರುತ್ತದೆ. ಯಾರು ರಿವ್ಯೂ ಮಾಡಿದ್ದು ಅಂತ ಹುಡುಕಿದರೆ, ಯಾರೂ ಇಲ್ಲ. ಒಂದು ಸ್ಕ್ರಿಪ್ಟು ಕೊನೆಯ ಕಮಿಟ್‌ನ (ಫೈಲ್‌ಗಳ ಹಿಸ್ಟರಿ ಇಡುವ ಗಿಟ್ ಅನ್ನುವ ಟೂಲ್‌ನಲ್ಲಿ ಉಳಿಸಿದ ಬದಲಾವಣೆ) ತಾರೀಕು ತಂದು ಅಲ್ಲಿ ಅಂಟಿಸಿದೆ, ಅಷ್ಟೇ. ಇದನ್ನು ನೋಡಿ ನೋಡಿ ಸಾಕಾಗಿದೆ.

ಇರುವ ತಾರೀಕುಗಳು ಮೂರು. ಪುಟವನ್ನು ಕೊನೆಗೆ ತಿದ್ದಿದ ದಿನ ‘ಲಾಸ್ಟ್ ಅಪ್‌ಡೇಟೆಡ್’. ವಿಷಯ ಗೊತ್ತಿರುವವರೊಬ್ಬರು ಕೂತು ಓದಿ, ಇದು ಈಗಲೂ ಸರಿ ಅಂತ ಒಪ್ಪಿದ ದಿನ ‘ಲಾಸ್ಟ್ ರಿವ್ಯೂಡ್’. ಮತ್ತೆ ಯಾವಾಗ ಓದಬೇಕು ಅನ್ನುವುದು ‘ರಿವ್ಯೂ ಡ್ಯೂ’. ಮೊದಲನೆಯದನ್ನು ಮೆಷಿನ್ ಬರೆಯಬಹುದು. ಮೂರನೆಯದನ್ನೂ ಮೆಷಿನ್ ಲೆಕ್ಕ ಹಾಕಬಹುದು. ಎರಡನೆಯದಕ್ಕೆ ಮಾತ್ರ ಮನುಷ್ಯರೇ ಬೇಕು. ಅದನ್ನೇ ಎಲ್ಲರೂ ಮೆಷಿನ್ ಕೈಗೆ ಕೊಡುವುದು.

ತಿದ್ದಿದ ದಿನವನ್ನು ಎಷ್ಟು ನಂಬಬಹುದು ನೋಡಿ. ಪ್ರಾಡಕ್ಟ್ ಹೆಸರು ಬದಲಾಯಿತು ಅಂತ ಯಾರೋ ಎಲ್ಲ ಪುಟಗಳಲ್ಲೂ ಫೈಂಡ್ ಅಂಡ್ ರಿಪ್ಲೇಸ್ ಮಾಡುತ್ತಾರೆ. ಒಂದೇ ಕಮಿಟ್, ಎಲ್ಲ ಪುಟಗಳೂ ಹೊಚ್ಚ ಹೊಸವು! ಅದರಲ್ಲಿ ಡಿಪ್ಲಾಯ್ ಮಾಡುವುದು, ಅಂದರೆ ಸಾಫ್ಟ್‌ವೇರನ್ನು ಸರ್ವರ್‌ಗೆ ಹಾಕುವುದು, ಹೇಗೆ ಅನ್ನುವ ಪುಟವೂ ಸೇರಿದೆ. ಯಾವತ್ತೋ ಮುಚ್ಚಿದ ಸರ್ವರ್‌ಗೆ ಲಾಗಿನ್ ಆಗಿ ಅಂತ ಅದು ಇನ್ನೂ ಹೇಳುತ್ತಿದೆ, ಹೊಸ ಹೆಸರಿನೊಂದಿಗೆ.

ಇದಕ್ಕಿಂತ ತಮಾಷೆಯದು ಇನ್ನೊಂದಿದೆ. ಸೈಟನ್ನು ತಾನಾಗಿ ಬಿಲ್ಡ್ ಮಾಡಲು ಬಳಸುವ ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಫೈಲ್‌ಗಳನ್ನು ತರುವ ಚೆಕ್‌ಔಟ್ ಸ್ಟೆಪ್ ಡೀಫಾಲ್ಟಾಗಿ ಒಂದೇ ಒಂದು ಕಮಿಟ್ ಇಳಿಸಿಕೊಳ್ಳುತ್ತದೆ, ಹಳೆಯ ಹಿಸ್ಟರಿ ಬರುವುದಿಲ್ಲ. ಸೈಟ್ ಬಿಲ್ಡ್ ಆಗುವಾಗ ‘ಈ ಫೈಲ್ ಕೊನೆಗೆ ಯಾವಾಗ ಬದಲಾಯಿತು?’ ಅಂತ ಗಿಟ್‌ಗೆ ಕೇಳಿದರೆ, ಪಾಪ, ಅದಕ್ಕೆ ಗೊತ್ತಿರುವುದು ಆ ಒಂದೇ ಕಮಿಟ್. ಎಲ್ಲ ಪುಟಗಳಿಗೂ ಅದೇ ತಾರೀಕು ಬೀಳುತ್ತದೆ. ಎಷ್ಟು ಕಮಿಟ್ ತರಬೇಕು ಅಂತ ಹೇಳುವ ಫೆಚ್ ಡೆಪ್ತ್‌ಗೆ 0 ಕೊಟ್ಟರೆ ಪೂರ್ತಿ ಹಿಸ್ಟರಿ ಬರುತ್ತದೆ, ತಾರೀಕು ಸರಿಹೋಗುತ್ತದೆ. ಆದರೂ ಅದು ತಿದ್ದಿದ ದಿನವೇ. ಸರಿಯಾದ ತಾರೀಕು ತಪ್ಪು ಹೆಸರಿನಡಿ ಕೂತಿದೆ ಅಂದಹಾಗಾಯಿತು.

ಉಲ್ಟಾ ಕೂಡ ಅಷ್ಟೇ ನಿಜ. ವರ್ಷಗಟ್ಟಲೆ ಯಾರೂ ಮುಟ್ಟದ ಪುಟ ಪೂರ್ತಿ ಸರಿ ಇರಬಹುದು. ಐಎಸ್‌ಒ ಸ್ಟ್ಯಾಂಡರ್ಡ್‌ಗಳನ್ನೇ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಕನಿಷ್ಠ 5 ವರ್ಷಕ್ಕೊಮ್ಮೆ ರಿವ್ಯೂ ಮಾಡುತ್ತಾರೆ. ಹಾಗೇ ಇರಲಿ ಅನ್ನಬಹುದು, ತಿದ್ದಬೇಕು ಅನ್ನಬಹುದು, ತೆಗೆದುಹಾಕಿ ಅನ್ನಬಹುದು. ಹಾಗೇ ಇರಲಿ ಅಂದಾಗ ಒಳಗಿನ ಒಂದಕ್ಷರವೂ ಬದಲಾಗುವುದಿಲ್ಲ. ಸ್ಟ್ಯಾಂಡರ್ಡ್‌ನ ಇಸವಿಯೂ ಹಳೆಯದೇ. ಆದರೆ ‘ಇಂಥ ವರ್ಷ ರಿವ್ಯೂ ಮಾಡಿ ಖಚಿತಪಡಿಸಲಾಗಿದೆ’ ಅನ್ನುವ ಸಾಲು ಅದರ ಪುಟದಲ್ಲಿ ಬೇರೆಯಾಗಿಯೇ ಸಿಗುತ್ತದೆ. ನಾನು ಹೇಳುತ್ತಿರುವ ವ್ಯತ್ಯಾಸ ಇದೇ.

ಪ್ರೋಗ್ರಾಮರ್‌ಗಳಿಗಂತೂ ಇದು ಹೊಸದಾಗಿರಬಾರದು. ಬ್ರೌಸರ್ ತನ್ನ ಬಳಿ ಇಟ್ಟುಕೊಂಡ ಕಾಪಿಯ ಅವಧಿ ಮುಗಿದಾಗ ಸರ್ವರ್‌ಗೆ ‘ಬದಲಾಗಿದೆಯಾ?’ ಅಂತ ಕೇಳುತ್ತದೆ. ಇಲ್ಲ ಅಂದರೆ ಸರ್ವರ್ 304 ಅನ್ನುವ ಕೋಡ್ ಕಳಿಸುತ್ತದೆ. ಕಾಪಿ ಅದೇ, ‘ಲಾಸ್ಟ್ ಮಾಡಿಫೈಡ್’ ಅದೇ, ಆದರೆ ಅದು ಮತ್ತೆ ಫ್ರೆಶ್. ಅವಧಿ ಮುಗಿದದ್ದನ್ನು ಎಚ್‌ಟಿಟಿಪಿಯಲ್ಲಿ (ಬ್ರೌಸರ್, ಸರ್ವರ್ ಮಾತಾಡುವ ನಿಯಮ) ‘ಸ್ಟೇಲ್’ ಅನ್ನುತ್ತಾರೆ. ಸ್ಟೇಲ್ ಅಂದರೆ ತಪ್ಪು ಅಂತಲ್ಲ, ಕೇಳದೆ ನಂಬಬೇಡ ಅಂತ. ದಿನವಿಡೀ 304 ನೋಡುವವರೇ ಡಾಕ್ಯುಮೆಂಟೇಶನ್ ವಿಷಯ ಬಂದಾಗ ಇದನ್ನು ಮರೆಯುತ್ತಾರೆ ಅಲ್ವಾ?

ಸರಿಯಾಗಿ ಮಾಡಿದವರೂ ಇದ್ದಾರೆ. ಬ್ರಿಟನ್ ಸರ್ಕಾರದ ಡಿಜಿಟಲ್ ಸರ್ವಿಸ್ ತಂಡದ ಟೆಕ್ ಡಾಕ್ಸ್ ಟೆಂಪ್ಲೇಟ್‌ನಲ್ಲಿ ಪುಟದ ತಲೆಯಲ್ಲಿ ಎರಡು ಸಾಲು ಬರೆಯುತ್ತಾರೆ. ‘ಲಾಸ್ಟ್ ರಿವ್ಯೂಡ್ ಆನ್’ ಮುಂದೆ ತಾರೀಕು, ‘ರಿವ್ಯೂ ಇನ್’ ಮುಂದೆ 6 ತಿಂಗಳು ಅನ್ನುವ ಥರದ ಅವಧಿ. ಅವಧಿ ದಾಟಿದರೆ, ಇದು ಹಳೆಯದಾಗಿರಬಹುದು ಅಂತ ಪುಟವೇ ಓದುಗರಿಗೆ ಹೇಳುತ್ತದೆ. ಆಗಿ‘ದೆ’ ಅನ್ನುವುದಿಲ್ಲ, ಆಗಿ‘ರಬಹುದು’ ಅನ್ನುತ್ತದೆ, ಗಮನಿಸಿ. ಟೀಮಿಗೆ ಸ್ಲ್ಯಾಕ್ ಚಾಟ್‌ನಲ್ಲಿ ನೆನಪಿಸಲು ಒಂದು ಬಾಟ್ ಕೂಡ ಇದೆ. ಅದರ ಹೆಸರು ‘ಡೇನಿಯಲ್ ದ ಮ್ಯಾನ್ಯುಅಲ್ ಸ್ಪ್ಯಾನಿಯಲ್’. ನಾಯಿಯ ಹೆಸರಿಟ್ಟರೆ ಬೈಯಲು ಮನಸ್ಸು ಬರುವುದಿಲ್ಲ ಅಂತಲೋ ಏನೋ. ಗೂಗಲ್ ಒಳಗಿನ ಡಾಕ್ಯುಮೆಂಟ್‌ಗಳಲ್ಲೂ ಇಂಥದ್ದೇ ‘ಫ್ರೆಶ್‌ನೆಸ್’ ಗುರುತು ಇರುತ್ತದೆ. ಅದರಲ್ಲಿ ರಿವ್ಯೂ ಮಾಡಿದ ತಾರೀಕಿನ ಜೊತೆಗೆ ಓನರ್ ಯಾರು ಅಂತಲೂ ಬರೆದಿರುತ್ತಾರೆ.

ಆ ಓನರ್ ಇಲ್ಲದಿದ್ದರೆ ತಾರೀಕು ಇಟ್ಟೂ ಸುಮ್ನೆ. ಐವತ್ತು ಜನ ಇರುವ ಚಾನೆಲ್‌ಗೆ ‘ಈ ಪುಟ ರಿವ್ಯೂ ಆಗಬೇಕು’ ಅಂತ ಮೆಸೇಜ್ ಬಂದರೆ ಐವತ್ತು ಜನವೂ ಬೇರೆಯವರು ನೋಡುತ್ತಾರೆ ಅಂದುಕೊಳ್ಳುತ್ತಾರೆ. ಓನರ್ ಟೀಮ್ ಬಿಟ್ಟು ಹೋದಾಗ ಆ ಹೆಸರನ್ನೂ ಬದಲಾಯಿಸಬೇಕು. ಇಲ್ಲದಿದ್ದರೆ ಮುಚ್ಚಿಹೋದ ಇನ್‌ಬಾಕ್ಸ್‌ಗೆ ಬಾಟ್ ಪ್ರತಿ ತಿಂಗಳೂ ನಿಯತ್ತಾಗಿ ಪತ್ರ ಬರೆಯುತ್ತಿರುತ್ತದೆ.

ತಾರೀಕು ಒಂದೇ ಬದಲಾದ ಕಮಿಟ್ ಕಂಡರೆ ಕೆಲವರಿಗೆ ಸಿಟ್ಟು. ‘ಏನೂ ಬದಲಾಗಿಲ್ಲ, ಇದೆಂಥ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ)?’ ಅಂತ ಕೇಳುತ್ತಾರೆ. ಓದಿದೆ, ಕಮಾಂಡ್‌ಗಳನ್ನು ಓಡಿಸಿ ನೋಡಿದೆ, ಎಲ್ಲ ಸರಿ ಇದೆ. ಅದನ್ನು ಹೇಳಲು ಆ ಒಂದು ಸಾಲೇ ಸಾಕು. ಅಂಥ ಪುಲ್ ರಿಕ್ವೆಸ್ಟ್ ಜಾಸ್ತಿ ಬರಬೇಕು. ಬಾಟ್‌ನ ಕಾಟ ತಪ್ಪಲಿ ಅಂತ ನಲವತ್ತು ಪುಟಗಳ ತಾರೀಕನ್ನು ಒಂದೇ ಕಮಿಟ್‌ನಲ್ಲಿ ಮುಂದಕ್ಕೆ ತಳ್ಳುತ್ತಾರಲ್ಲ, ಅದು ಬೇರೆ. ಅದು ಸುಳ್ಳು ಸಹಿ. ಹಳೆಯ ತಾರೀಕು ಇದ್ದಿದ್ದರೆ ಓದುವವರು ಹುಷಾರಾಗಿಯಾದರೂ ಇರುತ್ತಿದ್ದರು.

ಎಲ್ಲ ಪುಟಕ್ಕೂ 6 ತಿಂಗಳು ಅಂತ ಕಣ್ಣುಮುಚ್ಚಿ ಹಾಕುವುದರಿಂದಲೇ ಈ ತಳ್ಳಾಟ ಶುರುವಾಗುತ್ತದೆ. ರಾತ್ರಿ ಸಿಸ್ಟಂ ಬಿದ್ದಾಗ ತೆರೆಯುವ ರನ್‌ಬುಕ್‌ಗೆ, ಆನ್‌ಕಾಲ್ ನಂಬರ್‌ಗಳ ಪುಟಕ್ಕೆ ಅವಧಿ ಕಡಿಮೆ ಇರಲಿ. ಟೀಮಿನ ಪದಕೋಶಕ್ಕೆ ವರ್ಷ ಸಾಕು. ‘ಈ ಡೇಟಾಬೇಸನ್ನೇ ಏಕೆ ಆರಿಸಿದೆವು’ ಅನ್ನುವ ಡಿಸಿಷನ್ ರೆಕಾರ್ಡ್‌ಗೆ ರಿವ್ಯೂ ಡೇಟೇ ಬೇಡ. ಅದು ಆ ದಿನದ ನಿರ್ಧಾರದ ದಾಖಲೆ. ನಿರ್ಧಾರ ಬದಲಾದರೆ ಹೊಸ ರೆಕಾರ್ಡ್ ಬರೆದು, ಹಳೆಯದರ ಮೇಲೆ ‘ಸೂಪರ್‌ಸೀಡೆಡ್’ (ಇದರ ಬದಲು ಹೊಸದು ಬಂದಿದೆ) ಅಂತ ಹಾಕಿ ಬಿಟ್ಟರಾಯಿತು. ಇದಕ್ಕೂ ‘ಓವರ್‌ಡ್ಯೂ’ ಅಂತ ಕೆಂಪು ಪಟ್ಟಿ ಹಾಕುವವರನ್ನು ಕಂಡಿದ್ದೇನೆ.

ಇನ್ನು ‘ರಿವ್ಯೂ ಡ್ಯೂ’ ಬಗ್ಗೆ. ಅದು ಹೆಚ್ಚೆಂದರೆ ಇಷ್ಟು ದಿನ ಅನ್ನುವ ಗಡಿ. ಅಲ್ಲಿಯವರೆಗೆ ಪುಟದ ಕಡೆ ತಿರುಗಿ ನೋಡಬೇಡಿ ಅಂತ ಅದರ ಅರ್ಥವಲ್ಲ. ಇವತ್ತು ಟೂಲ್‌ನ ಹೊಸ ವರ್ಶನ್ ಬಂದು ಕಮಾಂಡ್ ಬದಲಾದರೆ ಪುಟವನ್ನು ಇವತ್ತೇ ನೋಡಬೇಕು, ಡ್ಯೂ ಇನ್ನೂ ನಾಲ್ಕು ತಿಂಗಳಿದ್ದರೂ.