ಪದ ಪರಿಚಯ: ಕ್ಯಾಲ್ಸಿಫಿಕೇಶನ್

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಬಳಸಿ ಜೀವಿ ತನ್ನ ಚಿಪ್ಪು ಕಟ್ಟಿಕೊಳ್ಳುವ ಕ್ರಿಯೆಯೇ ಕ್ಯಾಲ್ಸಿಫಿಕೇಶನ್. ಹೀಗೆ ಸಿದ್ಧವಾಗುವ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಮುಖ್ಯವಾಗಿ ಎರಡು ಬಗೆಯ ಹರಳುಗಳುಂಟು: ಕ್ಯಾಲ್ಸೈಟ್ ಮತ್ತು ಅರಗೊನೈಟ್. ಇವುಗಳಲ್ಲಿ ಅರಗೊನೈಟ್ ಸುಲಭವಾಗಿ ಕರಗುತ್ತದೆ.

ಎಮಿಲಿಯಾನಿಯ ಹಕ್ಸ್ಲೆಯಿ ಎಂಬ ಏಕಕೋಶ ಪಾಚಿಯ ಗಾತ್ರ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲಿನಷ್ಟು. ಅದರ ಕೋಶದೊಳಗೊಂದು ಪುಟ್ಟ ಚೀಲವಿದೆ. ಅಲ್ಲಿ ಒಂದು ತೆಳು ಹಾಳೆಯ ಅಂಚಿನ ಸುತ್ತ ಕ್ಯಾಲ್ಸೈಟ್ ಹರಳುಗಳು ಮೂಡಿ, ಒಂದಕ್ಕೊಂದು ಹೆಣೆದುಕೊಂಡು ದುಂಡನೆಯ ಬಿಲ್ಲೆಯಾಗುತ್ತವೆ. ಬಿಲ್ಲೆ ಪೂರ್ತಿಯಾದ ಮೇಲೆ ಕೋಶ ಅದನ್ನು ಹೊರಕ್ಕೆ ತಳ್ಳಿ ಮೈಮೇಲೆ ಹೊದ್ದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆರ್ಕ್ಟಿಕ್ ಅಂಚಿನ ಬ್ಯಾರೆಂಟ್ಸ್ ಸಮುದ್ರದಲ್ಲಿ ಇವು ಎಷ್ಟು ದಟ್ಟವಾಗಿ ಬೆಳೆಯುತ್ತವೆಂದರೆ, ಹಾಲು ಬೆರೆಸಿದಂತಾದ ತಿಳಿನೀಲಿ ನೀರು ಉಪಗ್ರಹಕ್ಕೂ ಕಾಣುತ್ತದೆ. ನಿಯೊಗ್ಲೊಬೊಕ್ವಾಡ್ರಿನ ಪ್ಯಾಕಿಡರ್ಮ ಎಂಬ ಫೊರಾಮಿನಿಫೆರವಂತೂ (ಚಿಪ್ಪುಳ್ಳ ಏಕಕೋಶ ಜೀವಿ) ಅಂಟಾರ್ಕ್ಟಿಕಾದ ಕಡಲ ಹಿಮದೊಳಗೆ, ಉಪ್ಪುನೀರು ನಿಂತ ಸಂದುಗಳಲ್ಲೂ ಬದುಕುತ್ತದೆ. ಅದರದ್ದೂ ಕ್ಯಾಲ್ಸೈಟ್ ಚಿಪ್ಪೇ.

ಧ್ರುವದ ಈ ಕಡಲುಗಳಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ. ಕೊಡಗಿನ ಮಣ್ಣಿನಿಂದ ಕಾವೇರಿ ಹೊತ್ತೊಯ್ಯುವ ಕ್ಯಾಲ್ಸಿಯಂ ಕಡಲು ಸೇರಿದರೆ ಸರಾಸರಿ ಸುಮಾರು 10 ಲಕ್ಷ ವರ್ಷ ಅಲ್ಲೇ ಇರುತ್ತದೆ. ಅಷ್ಟು ಕಾಲದಲ್ಲಿ ಎಲ್ಲ ಸಾಗರಗಳ ನೀರೂ ಮತ್ತೆ ಮತ್ತೆ ಬೆರೆತಿರುತ್ತದೆ.

ಕೊರತೆ ಇರುವುದು ಕಾರ್ಬೊನೇಟಿಗೆ. ತಣ್ಣನೆಯ ನೀರು ಹೆಚ್ಚು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಆಮ್ಲವಾಗುತ್ತದೆ; ಆಮ್ಲ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಈ ರಸಾಯನ ನಮ್ಮ ಕಾಫಿ ಬೆಳೆಗಾರರಿಗೆ ಹೊಸದೇನಲ್ಲ. ಮಳೆಗೆ ತೊಳೆದು ಮಣ್ಣು ಹುಳಿಯಾದಾಗ ತೋಟಕ್ಕೆ ಸುಣ್ಣ ಹಾಕುತ್ತೇವೆ. ಸುಣ್ಣ ಹುಳಿ ಕಳೆಯುತ್ತಾ ತಾನೂ ಕರಗಿಹೋಗುತ್ತದೆ. ಧ್ರುವದ ಕಡಲಲ್ಲಿ ಹಾಗೆ ಕರಗುವ ಸುಣ್ಣ ಒಂದು ಜೀವಿಯ ಮೈಮೇಲಿದೆ ಎನ್ನುವುದೇ ನನ್ನನ್ನು ಕಾಡುವ ಸಂಗತಿ.

ಹಾಗೆಂದು ಸಮುದ್ರ ಹುಳಿಯಾಗಿಲ್ಲ. ಕೈಗಾರಿಕಾ ಯುಗದ ಮೊದಲು ಮೇಲ್ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಮೇಲಿದ್ದರೆ ಕ್ಷಾರ) ಸರಾಸರಿ 8.2ರ ಆಸುಪಾಸಿನಲ್ಲಿತ್ತು, ಈಗ 8.1ರ ಹತ್ತಿರವಿದೆ, ಇಂದಿಗೂ ಕ್ಷಾರವೇ. ಸಣ್ಣ ಇಳಿಕೆಯೆಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಪಿಎಚ್ ಅಳತೆಯ ಲೆಕ್ಕದಲ್ಲಿ ಅದು ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳಲ್ಲಿ ಶೇ. 25ಕ್ಕೂ ಮೀರಿದ ಏರಿಕೆ.

ಚಿಪ್ಪು ಕಟ್ಟುವುದರಿಂದ ಗಾಳಿಯ ಇಂಗಾಲ ಕಡಿಮೆಯಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ಸತ್ಯ. ಎರಡು ಬೈಕಾರ್ಬೊನೇಟಿನಲ್ಲಿ ಒಂದರ ಇಂಗಾಲ ಚಿಪ್ಪಿಗೆ ಹೋದರೆ, ಇನ್ನೊಂದರದ್ದು ಡೈಆಕ್ಸೈಡ್ ಆಗಿ ನೀರಿಗೆ ಮರಳುತ್ತದೆ. ಲಾಭ ಬರುವುದು ಬೇರೆ ದಾರಿಯಿಂದ: ಭಾರದ ಚಿಪ್ಪುಗಳು ಮುಳುಗುವಾಗ ಸತ್ತ ಜೀವಿಗಳ ಅವಶೇಷವನ್ನೂ ಆಳಕ್ಕೆ ಎಳೆದೊಯ್ಯುತ್ತವೆ.

ಎಲ್ಲ ಚಿಪ್ಪುಗಳೂ ಒಟ್ಟಿಗೆ ಕರಗುತ್ತವೆ ಎನ್ನುವುದೂ ತಪ್ಪು. ಮೊದಲ ಪೆಟ್ಟು ಅರಗೊನೈಟಿಗೆ. ಲಿಮಸಿನ ಎಂಬ ಈಜುವ ಪುಟ್ಟ ಬಸವನಹುಳುವಿನ ಚಿಪ್ಪು ಸವೆದಿರುವುದು ದಕ್ಷಿಣ ಸಾಗರದಲ್ಲಿ ಈಗಾಗಲೇ ಕಂಡಿದೆ. ಕ್ಯಾಲ್ಸೈಟ್ ಕಟ್ಟುವವರ ಕತೆ ಇಷ್ಟು ನೇರವಾಗಿಲ್ಲ: ನೀರು ಬೆಚ್ಚಗಾದಂತೆ ಎಮಿಲಿಯಾನಿಯ ಧ್ರುವಗಳ ಕಡೆಗೆ ಹಬ್ಬುತ್ತಿದೆ, ಅದು ಹೋಗಿ ಸೇರುವ ನೀರಿನಲ್ಲಿ ಕಾರ್ಬೊನೇಟ್ ಇಳಿಯುತ್ತಿದೆ.